ದೀಪದ ಬೋರ್ಡಿನ ಸ್ಕೋರ್ ನೋಡಿ ದುಡ್ಡು ಕಟ್ಟಬೇಡಿ, ಮೊದಲು ಮಕ್ಕಳ ಕಣ್ಣು ತೋರಿಸಿ

ಶಿವಮೊಗ್ಗ, ಭದ್ರಾವತಿ, ಸಾಗರದ ಕಡೆ ಮಕ್ಕಳನ್ನು ಕ್ರಿಕೆಟ್‌ಗೋ ಶಟಲ್‌ಗೋ ಹಾಕಿರುವ ಅಪ್ಪ-ಅಮ್ಮಂದಿರು ದಯವಿಟ್ಟು ಓದಿ. ವಿಷನ್ ಟ್ರೈನಿಂಗ್ (ಕಣ್ಣು ಚುರುಕು ಮಾಡುವ ಅಭ್ಯಾಸ) ಕೊಡ್ತೀವಿ, ರಿಯಾಕ್ಷನ್ ಟೈಮ್ (ಕಂಡ ಮೇಲೆ ಕೈ ಆಡಿಸಲು ಹಿಡಿಯುವ ಸಮಯ) ಕಡಿಮೆ ಮಾಡ್ತೀವಿ ಅಂತ ಯಾರಾದರೂ ಪ್ಯಾಕೇಜ್ ಹೇಳಿದರೆ, ಹಣ ಕಟ್ಟುವ ಮುಂಚೆ ಮಗುವನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ನಮ್ಮ ಕಡೆಯ ಮಳೆ ಗೊತ್ತಲ್ಲ. ಜೂನ್ ಹಿಡಿದರೆ ನವುಲೆ ಇರಲಿ, ಶಾಲೆಯ ಮೈದಾನ ಇರಲಿ, ಎಲ್ಲ ಕೆಸರು. ನೆಟ್ಸ್ ನಿಂತುಹೋಗುತ್ತದೆ. ಮಕ್ಕಳು ಮನೆಯಲ್ಲಿ ಕೂತು ಚಡಪಡಿಸುತ್ತಾರೆ. ಇಂಥ ಹೊತ್ತಲ್ಲೇ ಊರಲ್ಲಿ ಈ ಟ್ರೈನಿಂಗ್ ಕೊಡುವ ಒಂದು ಸೆಂಟರ್ ಶುರುವಾಯಿತು. ನನ್ನ ಮಗಳಿಗೆ ಹದಿಮೂರು ವರ್ಷ. ಹತ್ತಿರದ ಕ್ಯಾಚ್ ಬಿಡುವವಳೇ ಅಲ್ಲ. ಬೌಂಡರಿ ಹತ್ತಿರ ನಿಲ್ಲಿಸಿದರೆ ಮಾತ್ರ ಚೆಂಡು ತಡವಾಗಿ ಗೊತ್ತಾಗುತ್ತಿತ್ತು. ಅಲ್ಲಿ ಇದನ್ನೇ ಹೇಳಿದೆ. "ರಿಯಾಕ್ಷನ್ ಸ್ಲೋ ಇದೆ ಮೇಡಂ, ಮೂರು ತಿಂಗಳಲ್ಲಿ ಸರಿ ಮಾಡ್ತೀವಿ" ಅಂದರು. ಕಣ್ಣು ಎಂದಾದರೂ ಚೆಕ್ ಮಾಡಿಸಿದ್ದೀರಾ ಅಂತ ಒಂದು ಮಾತೂ ಕೇಳಲಿಲ್ಲ. ಹದಿನೆಂಟು ಸಾವಿರ ರೂಪಾಯಿ ಮೊದಲೇ ಕಟ್ಟಿಸಿಕೊಂಡರು.

ಗೋಡೆಗೆ ಒಂದು ದೊಡ್ಡ ಕಪ್ಪು ಬೋರ್ಡ್. ಅದರ ತುಂಬ ಗುಂಡಿಯಂಥ ದೀಪಗಳು. ಯಾವುದು ಹೊತ್ತಿಕೊಳ್ಳುತ್ತದೋ ಅದನ್ನು ತಟ್ಟಬೇಕು, ತಟ್ಟಿದ ಕೂಡಲೇ ಇನ್ನೊಂದು ಕಡೆ ಹೊತ್ತುತ್ತದೆ. ವಾರ ವಾರ ಒಂದು ಹಾಳೆ ಕೊಡುತ್ತಿದ್ದರು. ಮಿಲಿಸೆಕೆಂಡಿನ ಲೆಕ್ಕ, ಪಕ್ಕದಲ್ಲಿ ಹಸಿರು ಟಿಕ್. ಮಗಳ ಸ್ಕೋರ್ ವಾರದಿಂದ ವಾರಕ್ಕೆ ಸುಧಾರಿಸಿತು. ಆಮೇಲೆ ಸ್ಟ್ರೋಬ್ ಕನ್ನಡಕ. ಅದರ ಗಾಜು ಒಂದು ಕ್ಷಣ ಕಪ್ಪಾಗಿ, ಮರುಕ್ಷಣ ತಿಳಿಯಾಗುತ್ತದೆ. ಅದನ್ನು ಹಾಕಿಕೊಂಡು ಟೆನಿಸ್ ಬಾಲ್ ಹಿಡಿಯಬೇಕು. ಅದಾದ ದಿನವೆಲ್ಲ ಅವಳಿಗೆ ತಲೆನೋವು. ಕೇಳಿದ್ದಕ್ಕೆ "ಕಣ್ಣಿನ ಸ್ನಾಯು ಗಟ್ಟಿಯಾಗ್ತಿದೆ ಅಂತ ಅರ್ಥ, ಹೀಗೇ ಮಾಡಿದ್ರೆ ಮುಂದೆ ಕನ್ನಡಕದ ಮಾತೇ ಬರಲ್ಲ" ಅಂದರು.

ಮಳೆ ಬಿಟ್ಟು ಮ್ಯಾಚ್ ಶುರುವಾದಾಗ ಎತ್ತರಕ್ಕೆ ಹೋದ ಚೆಂಡು ಅವಳ ಕೈ ತಪ್ಪಿ ಹುಬ್ಬಿನ ಮೇಲೆ ಬಿತ್ತು. ಹೊಲಿಗೆ ಹಾಕಿದ ಡಾಕ್ಟರೇ ಕಣ್ಣು ಪರೀಕ್ಷೆ ಮಾಡಿಸಿ ಅಂದರು. ಕಣ್ಣಿಗೆ ಡ್ರಾಪ್ಸ್ ಹಾಕಿ ನೋಡಿದರೆ ಎರಡೂ ಕಣ್ಣಿಗೆ ಮೈನಸ್ 1.5.

ಈಗ ನೋಡಿ, ಮೈನಸ್ 1.5 ಇದ್ದವರಿಗೆ ಕನ್ನಡಕ ಇಲ್ಲದಿದ್ದರೆ ಸುಮಾರು 67 ಸೆಂಟಿಮೀಟರ್‌ವರೆಗೆ ಮಾತ್ರ ಸ್ಪಷ್ಟ. ಅದರಾಚೆ ಎಲ್ಲ ಮಸುಕು. ದೀಪದ ಬೋರ್ಡ್ ಇರುವುದು ಕೈ ಚಾಚುವಷ್ಟು ದೂರದಲ್ಲಿ. ಅದು ಅವಳಿಗೆ ಚೆನ್ನಾಗಿಯೇ ಕಾಣುತ್ತಿತ್ತು! ಕ್ರಿಕೆಟ್ ಪಿಚ್ 20 ಮೀಟರ್, ಬೌಂಡರಿ ಇನ್ನೂ ದೂರ. ಆ ಬೋರ್ಡಿನ ಮುಂದೆ ಎಷ್ಟು ತಿಂಗಳು ನಿಲ್ಲಿಸಿದರೂ ಅವಳ ತೊಂದರೆ ಗೊತ್ತಾಗುತ್ತಲೇ ಇರಲಿಲ್ಲ. ನನಗೆ ಸಿಟ್ಟು ಬಂದಿರುವುದು ಇದಕ್ಕೇ. ದುಡ್ಡು ಹೋಗಲಿ, ಚೆಂಡು ಸ್ವಲ್ಪ ಕೆಳಗೆ ಬಿದ್ದಿದ್ದರೆ ಕಣ್ಣಿಗೇ ಬೀಳುತ್ತಿತ್ತು.

ಸ್ನಾಯು ಗಟ್ಟಿಯಾದರೆ ಕನ್ನಡಕ ಬೇಡ ಅನ್ನುವುದು ಸುಳ್ಳು. ಮೈನಸ್ ಪವರ್ ಬರುವುದು ಹೆಚ್ಚಾಗಿ ಕಣ್ಣುಗುಡ್ಡೆ ಸ್ವಲ್ಪ ಉದ್ದ ಬೆಳೆದಿರುವುದರಿಂದ. ವ್ಯಾಯಾಮ ಮಾಡಿಸಿದರೆ ಅದು ಗಿಡ್ಡ ಆಗಲ್ಲ. ಅಮೆರಿಕದಲ್ಲಿ ಕಣ್ಣು ಚುರುಕು ಮಾಡುತ್ತೇವೆ ಅಂತ ಆ್ಯಪ್ ಮಾರಿದ ಒಂದು ಕಂಪನಿ, ಆ ಮಾತಿಗೆ ಸರಿಯಾದ ಪುರಾವೆ ಇಲ್ಲ ಅಂತ ಸರ್ಕಾರ ಹಿಡಿದಾಗ 2015ರಲ್ಲಿ 1,50,000 ಡಾಲರ್ ಕಟ್ಟಲು ಒಪ್ಪಬೇಕಾಯಿತು.

ಹಾಗಾದರೆ ಎಲ್ಲ ಮೋಸವಾ? ಅಲ್ಲ. ಹತ್ತಿರದ್ದನ್ನು ನೋಡುವಾಗ ಎರಡೂ ಕಣ್ಣು ಸರಿಯಾಗಿ ಒಳಕ್ಕೆ ತಿರುಗದ ತೊಂದರೆ ಕೆಲವು ಮಕ್ಕಳಿಗಿರುತ್ತದೆ. ಅದಕ್ಕೆ ಕ್ಲಿನಿಕ್ಕಿನಲ್ಲಿ ಮಾಡಿಸುವ ಅಭ್ಯಾಸ ಕೆಲಸ ಮಾಡುತ್ತದೆ ಅಂತ 2008ರ ಒಂದು ದೊಡ್ಡ ಅಧ್ಯಯನ ತೋರಿಸಿದೆ. ಆದರೆ ಆ ತೊಂದರೆ ಇದೆ ಅಂತ ಹೇಳಬೇಕಾದವರು ಕಣ್ಣು ಪರೀಕ್ಷೆ ಮಾಡಿದವರು, ಬೋರ್ಡ್ ಇಟ್ಟುಕೊಂಡವರಲ್ಲ. ಆಟಕ್ಕೆ ಅಂತಲೇ ಮಾಡಿಸುವ ಸಾಮಾನ್ಯ ಕಣ್ಣಿನ ಟ್ರೈನಿಂಗನ್ನು ಆಸ್ಟ್ರೇಲಿಯಾದ ಸಂಶೋಧಕರಾದ ವುಡ್ ಮತ್ತು ಅಬರ್ನೆತಿ ಪರೀಕ್ಷಿಸಿ 2001ರಲ್ಲಿ ಪ್ರಕಟಿಸಿದರು. ನಾಲ್ಕು ವಾರ ಟ್ರೈನಿಂಗ್ ಪಡೆದವರು, ಸುಮ್ನೆ ಓದಲು ಕೊಟ್ಟವರಿಗಿಂತ ಆಟದಲ್ಲಿ ಮುಂದೇನೂ ಹೋಗಿರಲಿಲ್ಲ. ಒಳ್ಳೆ ಬ್ಯಾಟರ್‌ಗಳ ಕಣ್ಣು ಚೆಂಡು ಕೈ ಬಿಟ್ಟ ತಕ್ಷಣ ಅದು ಪುಟಿಯುವ ಜಾಗಕ್ಕೆ ಮೊದಲೇ ಹಾರುತ್ತದೆ ಅಂತ 2000ನೇ ಇಸವಿಯ ಇನ್ನೊಂದು ಅಧ್ಯಯನ ಹೇಳುತ್ತದೆ. ಗೋಡೆಯ ದೀಪ ತಟ್ಟುತ್ತಿದ್ದರೆ ಇದು ಹೇಗೆ ಬರಬೇಕು? ಚೆಂಡು ಆಡಿ ಆಡಿಯೇ ಬರಬೇಕು.

ಸ್ಟ್ರೋಬ್ ಬಗ್ಗೆ ಇನ್ನೊಂದು ಮಾತು. ಮಗುವಿಗೆ ಫಿಟ್ಸ್ ಬಂದಿದ್ದರೆ ಅಥವಾ ಮೈಗ್ರೇನ್ ಇದ್ದರೆ ಡಾಕ್ಟರನ್ನು ಕೇಳದೆ ಅದನ್ನು ಹಾಕಿಸಲೇಬೇಡಿ. ಮಿನುಗುವ ಬೆಳಕಿನಿಂದಲೇ ಕೆಲವರಿಗೆ ಫಿಟ್ಸ್ ಬರುತ್ತದೆ. ನಮ್ಮನ್ನು ಅದನ್ನೂ ಕೇಳಿರಲಿಲ್ಲ.

ಕನ್ನಡಕ ಬಂದರೆ ಸೆಲೆಕ್ಷನ್ ಆಗಲ್ಲ ಅನ್ನುವ ಭಯ ನಮ್ಮಲ್ಲಿ ಜಾಸ್ತಿ, ಅದರಲ್ಲೂ ಹೆಣ್ಣುಮಕ್ಕಳಿಗೆ. ನಮ್ಮ ಅನಿಲ್ ಕುಂಬ್ಳೆ 1990ರಲ್ಲಿ ಭಾರತ ತಂಡಕ್ಕೆ ಬಂದಿದ್ದು ಕನ್ನಡಕ ಹಾಕಿಕೊಂಡೇ ಅಲ್ವಾ? ಸುಲಭಕ್ಕೆ ಒಡೆಯದ ಪಾಲಿಕಾರ್ಬೊನೇಟ್ (ಒಂದು ಥರದ ಗಟ್ಟಿ ಪ್ಲಾಸ್ಟಿಕ್) ಗಾಜು ಹಾಕಿಸಿ, ಹಿಂದೆ ಪಟ್ಟಿ ಕಟ್ಟಿಸಿದರೆ ಆಯಿತು. ಪರೀಕ್ಷೆಗೆ ಖಾಸಗಿಗೇ ಹೋಗಬೇಕು ಅಂತಿಲ್ಲ, ಶಿವಮೊಗ್ಗದ ಸರ್ಕಾರಿ ಮೆಗ್ಗಾನ್ ಆಸ್ಪತ್ರೆಯಲ್ಲೂ ಕಣ್ಣಿನ ವಿಭಾಗ ಇದೆ. ಡ್ರಾಪ್ಸ್ ಹಾಕಿದರೆ ಕೆಲವು ಗಂಟೆ ಹತ್ತಿರದ್ದು ಓದಲು ಕಷ್ಟ, ಹಾಗಾಗಿ ಮರುದಿನ ಶಾಲೆಯಲ್ಲಿ ಟೆಸ್ಟ್ ಇಲ್ಲದ ದಿನ ನೋಡಿಕೊಂಡು ಹೋಗಿ.

ಉಳಿದ ತಿಂಗಳ ಹಣ ವಾಪಸ್ ಕೇಳಿದರೆ ಸೆಂಟರಿನವರು ಕೊಡಲಿಲ್ಲ. ರಸೀದಿ, ವಾಟ್ಸಾಪಿನಲ್ಲಿ ಅವರು ಕಳಿಸಿದ್ದ ಜಾಹೀರಾತು, ಆ ಹಸಿರು ಟಿಕ್ಕಿನ ಹಾಳೆಗಳು ನನ್ನ ಹತ್ತಿರ ಇವೆ. 1915ಕ್ಕೆ ಫೋನ್ ಮಾಡಿ ಗ್ರಾಹಕರ ಸಹಾಯವಾಣಿಯಲ್ಲಿ ದೂರು ದಾಖಲಿಸಿದ್ದೇನೆ. ಇದೇ ಥರ ದುಡ್ಡು ಕಟ್ಟಿ ಕೂತಿರುವವರು ನಿಮ್ಮ ರಸೀದಿ ಎಸೆಯದೆ ಇಟ್ಟುಕೊಳ್ಳಿ, ನೀವೂ ಫೋನ್ ಮಾಡಿ.