ಎಂಟಡಿ ಹತ್ತಡಿಯ ಅಡುಗೆಮನೆ, ಎರಡೂವರೆ ಲಕ್ಷದ ಮಿತಿ

ಹನುಮಂತನಗರದ ನಮ್ಮ ಹಳೆಯ ಮನೆಯ 8 ಅಡಿ ಅಗಲ, 10 ಅಡಿ ಉದ್ದದ ಅಡುಗೆಮನೆಯನ್ನು ಎರಡೂವರೆ ಲಕ್ಷ ರೂಪಾಯಿಯೊಳಗೆ ನವೀಕರಿಸುವ ಕೆಲಸವನ್ನು ಮೈಸೂರು ರಸ್ತೆಯ ಕಡೆಯ ಒಂದು ಮಾಡ್ಯುಲರ್ ಕಿಚನ್ ಅಂಗಡಿಗೆ ಒಪ್ಪಿಸಿದ್ದೆವು. ನಕ್ಷೆ ಬರೆದವರ ತಿಳಿವಳಿಕೆಯನ್ನು ಮೆಚ್ಚಲೇಬೇಕು: ಸಿಂಕನ್ನು ಕಿಟಕಿಯ ಕೆಳಗಿನಿಂದ ಸರಿಸಿದರೆ ಪೈಪುಗಳಿಗಾಗಿ ನೆಲವನ್ನೇ ಅಗೆಯಬೇಕಾಗುತ್ತದೆಂದು ವಿವರಿಸಿ, ಅದನ್ನು ಇದ್ದಲ್ಲೇ ಉಳಿಸಿ, ಒಲೆಯನ್ನು ಮಾತ್ರ ಪಕ್ಕದ ಗೋಡೆಗೆ ತಂದು ಎಲ್ ಆಕಾರದ ಕಟ್ಟೆಯನ್ನು ಸೂಚಿಸಿದರು. ಕಟ್ಟೆಯ ಎತ್ತರವನ್ನು 34 ಇಂಚಿನಿಂದ 32ಕ್ಕೆ ಇಳಿಸಿದ್ದರಿಂದ, ಕುಳ್ಳಗಿರುವ ನಮ್ಮ ಅಮ್ಮ ಈಗ ಕುಕ್ಕರಿನ ಮುಚ್ಚಳ ಹಾಕಲು ಹಿಮ್ಮಡಿ ಎತ್ತಬೇಕಿಲ್ಲ.

ಬೇಸರವಾದದ್ದು ಪ್ಲೈವುಡ್ಡಿನ ವಿಷಯದಲ್ಲಿ. ಸಿಂಕಿನ ಕೆಳಗಿನ ಕ್ಯಾಬಿನೆಟ್ಟಿಗೆ ನೀರನ್ನು ಚೆನ್ನಾಗಿ ತಡೆಯುವ ಐಎಸ್ 710 ದರ್ಜೆಯ ಹಲಗೆಯೆಂದು ಕೊಟೇಶನ್ನಿನಲ್ಲಿ ಬರೆದಿದ್ದರೂ, ಬಂದಿಳಿದ ಹಲಗೆಗಳ ಮೇಲಿದ್ದದ್ದು ಸಾಮಾನ್ಯ ಬಳಕೆಯ ದರ್ಜೆಯಾದ ಐಎಸ್ 303ರ ಮುದ್ರೆ. ಲ್ಯಾಮಿನೇಟ್ ಅಂಟಿಸಿಬಿಟ್ಟಿದ್ದರೆ ಅದು ಕಾಣುತ್ತಲೇ ಇರಲಿಲ್ಲ. ತಕರಾರು ಮಾಡಿದ ಮೇಲೆ ಬದಲಿಸಿಕೊಟ್ಟರಾದರೂ, ಕೆಲಸ ನಿಂತ ಒಂಬತ್ತು ದಿನವೂ ಹಜಾರದಲ್ಲಿ ಒಲೆಯಿಟ್ಟು ಸಾರು ಕುದಿಸಬೇಕಾಯಿತು. ಗ್ರಾನೈಟನ್ನು ಅವರ ಕೈಗೆ ಬಿಡದೆ ಜಿಗಣಿಗೆ ನಾವೇ ಹೋಗಿ ಆರಿಸಿ ತಂದದ್ದು ಒಳ್ಳೆಯದೇ ಆಯಿತು. ಕೊನೆಯ ಲೆಕ್ಕ 2,61,000 ರೂಪಾಯಿಗೆ ನಿಂತಿತು. ಮಿತಿ ಮೀರಿದ ಹಣವೆಲ್ಲ ಸದ್ದಿಲ್ಲದೆ ಮುಚ್ಚಿಕೊಳ್ಳುವ ಡ್ರಾಯರುಗಳಿಗೆ ಹೋಯಿತು, ಅದು ನನ್ನದೇ ಹಟ.