ಐ20 ಎನ್ ಲೈನ್ ಮ್ಯಾನುಯಲ್: ಮೂರನೇ ಗೇರಿಗಾಗಿ ಕೊಂಡ ಕಾರು

ಹ್ಯುಂಡೈ ಕಂಪನಿಯ ಈ ಕಾರಿನ ಮಜಾ ಪೂರ್ತಿ ಇರುವುದು ಮೂರನೇ ಗೇರಿನಲ್ಲಿ. ಅಡಿಕೆ ಮೂಟೆ ತುಂಬಿದ ಲಾರಿಯ ಹಿಂದೆ ನಲವತ್ತರಲ್ಲಿ ತೆವಳುತ್ತಿರುತ್ತೀರಿ. ತಿರುವು ಮುಗಿದು ಎದುರು ರಸ್ತೆ ಖಾಲಿ ಕಾಣುತ್ತದೆ. ಇಂಡಿಕೇಟರ್ ಹಾಕಿ, ಹಾರ್ನ್ ಕೊಟ್ಟು ಎಕ್ಸಲೇಟರ್ ತುಳಿದರೆ ಅರೆಕ್ಷಣ ಏನೂ ಆಗುವುದಿಲ್ಲ. ಮೀಟರ್ 2,000 ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಸುತ್ತುವ ಸುತ್ತು) ದಾಟಿದ್ದೇ ತಡ, ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊ ಎದ್ದು ಬೆನ್ನನ್ನು ಸೀಟಿಗೆ ಒತ್ತಿ ಎಳೆದುಕೊಂಡು ಹೋಗುತ್ತದೆ. ನಡುವೆ ಗೇರ್ ಬದಲಿಸುವ ಗೋಜಿಲ್ಲ. ಲಾರಿ ಕನ್ನಡಿಯಲ್ಲಿ ಸಣ್ಣದಾಗುವಷ್ಟರಲ್ಲಿ ಎಂಬತ್ತು, ಆಗ ಕೈ ತಾನಾಗಿಯೇ ನಾಲ್ಕನೇ ಗೇರಿಗೆ ಹೋಗಿರುತ್ತದೆ. ಇದಿಷ್ಟಕ್ಕಾ ಇಷ್ಟು ದುಡ್ಡು ಸುರಿದದ್ದು ಅಂತ ಮನೆಯಲ್ಲಿ ಕೇಳಿದ್ದಾರೆ. ಹೌದು, ಇದಿಷ್ಟಕ್ಕೇ.

998 ಸಿಸಿ, ಮೂರು ಸಿಲಿಂಡರ್, 120 ಪಿಎಸ್ ಶಕ್ತಿ. ಉಳಿದ ಪಟ್ಟಿ ನೀವು ಎಲ್ಲೆಲ್ಲೋ ಓದಿಯೇ ಇರುತ್ತೀರಿ, ನಾನು ಮತ್ತೆ ಬರೆಯುವುದಿಲ್ಲ. ಒಂದು ಮಾತು ಮಾತ್ರ. ಇದು ಎನ್ ಲೈನ್, ಎನ್ ಅಲ್ಲ. ಯುರೋಪಿನಲ್ಲಿ ಮಾರಿದ ಐ20 ಎನ್‌ಗೆ 1.6 ಲೀಟರಿನ ಟರ್ಬೊ ಎಂಜಿನ್, 204 ಪಿಎಸ್. ಅದು ನಮ್ಮ ದೇಶಕ್ಕೆ ಬರಲೇ ಇಲ್ಲ. ಹಿಂದಿನ ಬಾಗಿಲಿನ ಎನ್ ಗುರುತು ನೋಡಿ ಸಿಗ್ನಲ್ಲಿನಲ್ಲಿ ರೇಸಿಗೆ ಕರೆಯುವ ಹುಡುಗರಿಗೆ ಇದನ್ನು ವಿವರಿಸುವುದು ಕಷ್ಟ. ಸುಮ್ಮನೆ ನಕ್ಕು ಬಿಟ್ಟುಬಿಡುತ್ತೇನೆ.

2021ರಲ್ಲಿ ಈ ಕಾರು ಇಲ್ಲಿಗೆ ಬಂದಾಗ ಕ್ಲಚ್ ಪೆಡಲ್ಲೇ ಇರಲಿಲ್ಲ. ಐಎಂಟಿ ಎಂಬ ವ್ಯವಸ್ಥೆ: ಗೇರ್ ನಾವು ಹಾಕಬೇಕು, ಕ್ಲಚ್ ಅದೇ ನೋಡಿಕೊಳ್ಳುತ್ತದೆ. ನನಗೆ ಅದು ಎರಡೂ ಬಿಟ್ಟವರ ಕಥೆಯಾಗಿ ಕಂಡಿತ್ತು. 2023ರ ಸೆಪ್ಟೆಂಬರಿನಲ್ಲಿ ಹೊಸ ಮುಖದ ಜೊತೆ ಆರು ಗೇರಿನ ಅಪ್ಪಟ ಮ್ಯಾನುಯಲ್ ಕೊಟ್ಟರು, ಮೂರನೇ ಪೆಡಲ್ ವಾಪಸ್ ಬಂತು. ಅಷ್ಟರಲ್ಲಿ ಫೋಕ್ಸ್‌ವ್ಯಾಗನ್ ಪೋಲೊ ಮಾರುಕಟ್ಟೆಯಿಂದ ಹೋಗಿಯಾಗಿತ್ತು (2022ರಲ್ಲಿ), ಫಿಯಟ್‌ನ ಅಬಾರ್ತ್ ಪುಂಟೊ ಅದಕ್ಕೂ ಮೊದಲೇ ಹೋಗಿತ್ತು. ಸಣ್ಣ ಕಾರು, ಟರ್ಬೊ ಪೆಟ್ರೋಲ್, ಕೈಯಲ್ಲಿ ಗೇರ್ ಎಂದು ಹಟ ಹಿಡಿದವನಿಗೆ ಉಳಿದದ್ದು ಬೆರಳೆಣಿಕೆಯಷ್ಟೇ. ಆಫೀಸಿನಲ್ಲಿ ಎಲ್ಲರೂ ಡಿಸಿಟಿ, ಅಂದರೆ ಆಟೊಮ್ಯಾಟಿಕ್ ಗೇರಿನದ್ದು ತಗೋ ಎಂದರು. "ಈಗಿನ ಕಾಲದಲ್ಲಿ ಯಾರು ಮಾರಾಯ ಕ್ಲಚ್ ತುಳೀತಾರೆ?" ಅಂದ ಗೆಳೆಯ ಇರುವುದು ಬೆಂಗಳೂರಿನಲ್ಲಿ, ಸಿಲ್ಕ್ ಬೋರ್ಡ್ ದಾಟಿಯೇ ಕೆಲಸಕ್ಕೆ ಹೋಗಬೇಕು. ಅವನ ಎಡಗಾಲಿನ ನೋವು ಅವನಿಗೆ ಗೊತ್ತು. ನಾನಿರುವುದು ಶಿವಮೊಗ್ಗದಲ್ಲಿ.

ದುಡ್ಡಿನ ವಿಷಯ. ನಾನು ತೆಗೆದುಕೊಂಡದ್ದು ಎನ್6, ಅಂದರೆ ಕೆಳಗಿನ ಮಾಡೆಲ್. ಕರ್ನಾಟಕದಲ್ಲಿ ಕಾರು ಕೊಳ್ಳುವವರು ಮೊದಲು ನೋಡಬೇಕಾದದ್ದು ರಸ್ತೆ ತೆರಿಗೆಯ ಗೆರೆ. ಬೆಲೆ 5ರಿಂದ 10 ಲಕ್ಷದೊಳಗಿದ್ದರೆ ಜೀವಾವಧಿ ತೆರಿಗೆ ಶೇ 14, 10 ಲಕ್ಷ ದಾಟಿದರೆ (20 ಲಕ್ಷದವರೆಗೆ) ಶೇ 17, ತೆರಿಗೆಯ ಮೇಲೆ ಮತ್ತೆ ಸೆಸ್. ಮೇಲಿನ ಮಾಡೆಲ್ ಎನ್8ಗೆ ಹೋದರೆ ಕಾರಿನ ಬೆಲೆಯ ಜೊತೆಗೆ ಸರ್ಕಾರಕ್ಕೂ ಹೆಚ್ಚು ಕಟ್ಟಬೇಕಾಗುತ್ತಿತ್ತು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದದ್ದೇ ನನಗೆ ಧೈರ್ಯ ಕೊಟ್ಟದ್ದು. ಎಂಜಿನ್ 1,200 ಸಿಸಿ ಮೀರಬಾರದು, ಉದ್ದ 4,000 ಮಿ.ಮೀ. ಮೀರಬಾರದು. ಇದರ ಉದ್ದ 3,995. ಆ ಐದು ಮಿಲಿಮೀಟರಿಗೆ ನನ್ನ ಕೃತಜ್ಞತೆಗಳು. ಎನ್6ನಲ್ಲಿ ಬೋಸ್ ಸ್ಪೀಕರ್ ಇಲ್ಲ. ಎರಡು ಬಾಯಿಯ ಸೈಲೆನ್ಸರ್ ಇದೆ, ಕಿಟಕಿ ಸ್ವಲ್ಪ ಇಳಿಸಿಕೊಂಡರೆ ನನಗೆ ಅದೇ ಸಾಕು.

ಮೊದಲ ಸಾವಿರ ಕಿಲೋಮೀಟರ್ ಮಾತ್ರ ಶಿಕ್ಷೆ. ಎಂಜಿನ್ನನ್ನು 2,000 ಮತ್ತು 4,000 ಆರ್‌ಪಿಎಂ ನಡುವೆಯೇ ಇಡಿ ಎನ್ನುತ್ತದೆ ಕಾರಿನ ಪುಸ್ತಕ. ಒಂದೇ ವೇಗದಲ್ಲಿ ಗಂಟೆಗಟ್ಟಲೆ ಓಡಿಸಬೇಡಿ, ಸುಮ್ಮನೆ ರೈಸ್ ಮಾಡಬೇಡಿ. ಇಂಥ ಕಾರು ಕೊಂಡವನಿಗೆ 4,000 ಬಂದಾಗಲೆಲ್ಲ ಕಾಲು ಎತ್ತಬೇಕಾದ ಸಂಕಟ ಏನೆಂದು ಕೇಳಬೇಡಿ. ಆದರೆ ಅದೇ ದಿನಗಳಲ್ಲಿ ಗೇರ್ ಕೈಗೆ ಕೂತಿತು. ಲಿವರ್‌ನ ಓಟ ಚಿಕ್ಕದು. ಎರಡರಿಂದ ಮೂರಕ್ಕೆ ಹೋಗುವಾಗ ಕೈ ಬಿಗಿ ಹಿಡಿದು ತಳ್ಳಬಾರದು. ಅಂಗೈ ತೆರೆದು ಸುಮ್ಮನೆ ಮುಂದಕ್ಕೆ ಒತ್ತಿದರೆ ಅದೇ ದಾರಿ ಹುಡುಕಿಕೊಂಡು ಟಕ್ ಎಂದು ಕೂರುತ್ತದೆ. ಕ್ಲಚ್ ಹಗುರ, ಹಿಡಿಯುವ ಜಾಗ ಸ್ವಲ್ಪ ಮೇಲಿದೆ. ನಮ್ಮ ಹಳೆಯ ಕಾರಿನ ಅಭ್ಯಾಸದಲ್ಲಿ ಕಾಲು ಬಿಟ್ಟರೆ ಸಿಗ್ನಲ್ಲಿನಲ್ಲಿ ಒಮ್ಮೆ ಕುಕ್ಕುತ್ತದೆ, ವಾರದಲ್ಲಿ ಸರಿಹೋಗುತ್ತದೆ.

ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವ ದಾರಿ ನನ್ನ ಖಾಯಂ ದಾರಿ, ಹೆಂಡತಿಯ ತವರು ಅಲ್ಲೇ. ಗಾಜನೂರು ದಾಟಿ, ಸಕ್ರೆಬೈಲು ಆನೆ ಬಿಡಾರದ ಮುಂದಿನ ಜನಜಂಗುಳಿ ಕಳೆದರೆ ಆಮೇಲೆ ತುಂಗೆ ಪಕ್ಕಕ್ಕೆ ಬಂದು ಹೋಗಿ ಮಾಡುತ್ತಾಳೆ. ಮಂಡಗದ್ದೆಯ ಆಸುಪಾಸಿನಲ್ಲಿ ತಿರುವುಗಳು ದೊಡ್ಡವೂ ಅಲ್ಲ, ಚಿಕ್ಕವೂ ಅಲ್ಲ. ನಲವತ್ತಕ್ಕೆ ಇಳಿದು ಅರವತ್ತಕ್ಕೆ ಏರುವಂಥವು. ಬ್ರೇಕ್ ಹಿಡಿದು, ನಾಲ್ಕರಿಂದ ಮೂರಕ್ಕೆ ತರುವಾಗ ಎಕ್ಸಲೇಟರಿಗೆ ಒಂದು ಚಿಟಿಕೆ ಕೊಟ್ಟು ಕ್ಲಚ್ ಬಿಟ್ಟರೆ ಕಾರು ಕುಕ್ಕದೆ ತಿರುವಿನೊಳಗೆ ಜಾರುತ್ತದೆ. ಸ್ಟೀರಿಂಗ್ ತಿರುಗಿಸಿದ ಕೂಡಲೇ ಮೂತಿ ಹೊರಳುತ್ತದೆ, ಮೈ ಓಲಾಡುವುದಿಲ್ಲ. ಇಲ್ಲಿ ನೂರರ ಮೇಲೆ ಹೋಗುವ ಪ್ರಶ್ನೆಯೇ ಇಲ್ಲ, ಹೋಗಲೂಬಾರದು. ದನ ಇದೆ, ಬಸ್ಸಿದೆ, ಮಳೆಗಾಲದಲ್ಲಿ ಕೊಳೆತ ಎಲೆ ಇದೆ. ಅರವತ್ತರಲ್ಲೇ ಇಷ್ಟು ಖುಷಿ ಕೊಡುವುದು ಈ ಕಾರಿನ ದೊಡ್ಡ ಗುಣ.

ಮನೆ ತಲುಪುವ ಮುನ್ನದ ಕೊನೆಯ ಒಂದು ಕಿಲೋಮೀಟರ್ ನನ್ನ ಪೂಜೆ. ಬೀದಿಯ ತಿರುವಿನಿಂದಲೇ ಕಾಲು ಹಗುರ ಮಾಡುತ್ತೇನೆ. ಗೇಟಿನ ಮುಂದೆ ನ್ಯೂಟ್ರಲ್ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್ ಆಫ್ ಮಾಡದೆ ಇಳಿದು ಗೇಟು ತೆಗೆಯುತ್ತೇನೆ. ಟರ್ಬೊದ ಒಳಗಿನ ದಂಡ ನಿಮಿಷಕ್ಕೆ ಲಕ್ಷಕ್ಕೂ ಮಿಕ್ಕಿ ಸುತ್ತು ಸುತ್ತುತ್ತದೆ. ಅದರ ಬೇರಿಂಗಿಗೆ ಆಯಿಲ್ಲೇ ಆಧಾರ. ಕಾದು ಕೆಂಡವಾದ ಟರ್ಬೊವನ್ನು ತಕ್ಷಣ ನಿಲ್ಲಿಸಿದರೆ ಆಯಿಲಿನ ಓಟವೂ ನಿಲ್ಲುತ್ತದೆ, ನಿಂತ ಆಯಿಲ್ ಅಲ್ಲೇ ಸುಟ್ಟು ಕರಿ ಹಿಡಿಯುತ್ತದೆ. ಇವತ್ತಿನ ಎಂಜಿನ್ನಿಗೆ ಊರೊಳಗಿನ ಓಡಾಟದಲ್ಲಿ ಇಷ್ಟೆಲ್ಲ ಬೇಕಿಲ್ಲ, ಗೊತ್ತು. ಆದರೂ ಗೇಟು ತೆಗೆದು, ಬೋನೆಟ್ಟಿನ ಮೇಲೆ ಬಿದ್ದ ಎಲೆ ಎತ್ತಿ, ಪಕ್ಕದ ಮನೆಯವರಿಗೆ ಎರಡು ಮಾತಾಡಿ ಬರುವಷ್ಟು ಹೊತ್ತು ಅದು ತನ್ನಷ್ಟಕ್ಕೆ ಟಿಕ್ ಟಿಕ್ ಅನ್ನುತ್ತಿರಲಿ. ಬೆಳಿಗ್ಗೆಯೂ ಅಷ್ಟೆ. ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದರೆ ಸೈಲೆನ್ಸರ್ ಒಮ್ಮೆ ಗುರ್ ಎಂದು ಜೋರಾಗಿ ಎದ್ದು, ಅರ್ಧ ನಿಮಿಷದಲ್ಲಿ ದನಿ ಇಳಿಸುತ್ತದೆ. ಆಮೇಲೆಯೇ ನಾನು ಕ್ಲಚ್ ಮುಟ್ಟುವುದು.

ಇಲ್ಲಿವರೆಗೆ ಸರಿ. ಈಗ ಹಂಪು.

ಎನ್ ಲೈನ್‌ಗೆ ಸಾದಾ ಐ20ಗಿಂತ ಗಟ್ಟಿ ಸಸ್ಪೆನ್ಷನ್. ಬೇಕೆಂದೇ ಮಾಡಿದ್ದು, ಗೊತ್ತಿದ್ದೇ ಕೊಂಡದ್ದು. ತಿರುವಿನಲ್ಲಿ ಓಲಾಡದ ಕಾರು ಬೇಕೆಂದರೆ ಆ ಬೆಲೆ ತೆರಲೇಬೇಕು. ಆದರೆ ನಮ್ಮ ರಸ್ತೆಯ ಉಬ್ಬುಗಳಿಗೂ ಇಂಥ ಕಾರಿಗೂ ಯಾವ ಜನ್ಮದ ವೈರವೋ. ಇಂಡಿಯನ್ ರೋಡ್ ಕಾಂಗ್ರೆಸ್ ಲೆಕ್ಕದ ಉಬ್ಬು 3.7 ಮೀಟರ್ ಅಗಲ, ನಡುವೆ 10 ಸೆಂ.ಮೀ. ಎತ್ತರ, ಅದರ ಮೇಲೆ ಗಂಟೆಗೆ 25 ಕಿ.ಮೀ.ನಲ್ಲಿ ಆರಾಮಾಗಿ ದಾಟಬಹುದು. ಹಾಗೆ ಅಳೆದು ಮಾಡಿದ ಉಬ್ಬಿನ ಮೇಲೆ ಈ ಕಾರು ತಕರಾರಿಲ್ಲದೆ ಹೋಗುತ್ತದೆ, ನಾನೇ ನೋಡಿದ್ದೇನೆ. ಬಾಕಿ ಇರುವುದೆಲ್ಲ ಯಾರೋ ರಾತ್ರೋರಾತ್ರಿ ಡಾಂಬರು ಸುರಿದು ಗುಪ್ಪೆ ಮಾಡಿದಂಥವು. ಅಗಲ ಒಂದು ಮಾರು ಇಲ್ಲ, ಎತ್ತರ ಗೇಣು. ಬಿಳಿ ಬಣ್ಣ ಬಳಿದಿದ್ದರೂ ಒಂದು ಮಳೆಗಾಲಕ್ಕೆ ಅಳಿಸಿಹೋಗಿರುತ್ತದೆ. ಶಾಲೆ ಮುಂದೆ, ಊರಬಾಗಿಲಲ್ಲಿ ಇರಲಿ, ಯಾರೂ ಬೇಡ ಎನ್ನುವುದಿಲ್ಲ. ನಾಲ್ಕು ಮನೆ ಇರುವಲ್ಲಿ ಸಾಲಾಗಿ ಮೂರು ಯಾಕೆ?

ಮುಂದೆ ಕೂತವರಿಗೆ ಒಂದು ಗುದ್ದು, ಅಷ್ಟೆ. ಹಿಂದಿನ ಸೀಟಿನವರದು ಬೇರೆಯೇ ಪಾಡು. ಅಮ್ಮನನ್ನು ಮೊದಲ ಸಲ ತೀರ್ಥಹಳ್ಳಿಗೆ ಕರೆದೊಯ್ದಾಗ ಗಾಜನೂರಿಗೇ ಮಾತು ನಿಲ್ಲಿಸಿದಳು. ಇಳಿದು ಸೊಂಟ ಹಿಡಿದುಕೊಂಡು, "ಮೊರದಲ್ಲಿ ಅಕ್ಕಿ ಕೇರಿದ ಹಾಗೆ ಕೇರ್ತೀಯಲ್ಲೋ, ಹಳೇ ಕಾರೇ ವಾಸಿ ಇತ್ತು" ಅಂದಳು. ಇಷ್ಟು ದುಡ್ಡು ಕೊಟ್ಟು ಕಡಿಮೆ ಸುಖದ ಕಾರು ಯಾಕೆ ತರಬೇಕು ಎಂಬ ಅವಳ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿಲ್ಲ. ಮೂರನೇ ಗೇರಿನ ಸಂಗತಿಯನ್ನು ಹಿಂದಿನ ಸೀಟಿಗೆ ಹೇಗೆ ತಲುಪಿಸುವುದು?

ಗಾಳಿಯಿಂದ ಅರ್ಧ ಪರಿಹಾರ ಸಿಕ್ಕಿತು. ಬಂಕಿನಲ್ಲಿ ಗಾಳಿ ಹಿಡಿಯುವ ಹುಡುಗರು ಕಾರು ಯಾವುದೆಂದೂ ನೋಡದೆ ಮೂವತ್ತೆಂಟು, ನಲವತ್ತು ತುಂಬಿಬಿಡುತ್ತಾರೆ. ಇದರ ಟೈರಿನ ಅಳತೆ 195/55 ಆರ್16, ಪಕ್ಕೆ ಮೊದಲೇ ಗಿಡ್ಡ. ಅದಕ್ಕೆ ನಲವತ್ತು ಹಾಕಿದರೆ ಉಬ್ಬಿನ ಏಟು ನೇರ ಸೊಂಟಕ್ಕೆ. ಈಗ ಬೆಳಿಗ್ಗೆ ಟೈರ್ ತಣ್ಣಗಿರುವಾಗಲೇ ಹೋಗುತ್ತೇನೆ, ಬಾಗಿಲ ಚೌಕಟ್ಟಿನ ಸ್ಟಿಕ್ಕರ್ ತೋರಿಸಿ, ಅದರಲ್ಲಿ ಬರೆದಷ್ಟೇ ಹಾಕಿಸುತ್ತೇನೆ. "ಕಮ್ಮಿ ಆಯ್ತಲ್ಲ ಸಾರ್" ಎಂದು ಆ ಹುಡುಗ ಪ್ರತಿ ಸಲವೂ ಅನುಮಾನದಿಂದ ನೋಡುತ್ತಾನೆ. ವ್ಯತ್ಯಾಸ ಮಾತ್ರ ಕೂತ ಕೂಡಲೇ ಗೊತ್ತಾಗುತ್ತದೆ. ಉಬ್ಬು ಬಂದಾಗ ಕೊನೆಯವರೆಗೂ ಬ್ರೇಕ್ ಹಿಡಿದುಕೊಂಡೇ ಹತ್ತಬಾರದು, ಮುಂಚೆಯೇ ನಿಧಾನ ಮಾಡಿ ಬ್ರೇಕ್ ಬಿಟ್ಟು ಹತ್ತಬೇಕು. ಬ್ರೇಕ್ ಹಿಡಿದಾಗ ಮುಂದಿನ ಸ್ಪ್ರಿಂಗ್ ಆಗಲೇ ಅದುಮಿಕೊಂಡಿರುತ್ತದೆ, ಏಟು ನುಂಗಲು ಜಾಗವೇ ಇರುವುದಿಲ್ಲ. ಅಮ್ಮ ಈಗ ಮುಂದಿನ ಸೀಟಿನಲ್ಲಿ ಕೂರುತ್ತಾಳೆ, ಹೆಂಡತಿ ಹಿಂದೆ. ಅವಳ ಬೇಸರದ ಲೆಕ್ಕ ಬೇರೆಯೇ ನಡೆಯುತ್ತಿದೆ.

ಆಗುಂಬೆ ಹೇಗಿತ್ತು ಅಂತ ಎಲ್ಲರೂ ಕೇಳುತ್ತಾರೆ. ನಿಜ ಹೇಳಬೇಕೆಂದರೆ ಇದು ಆಗುಂಬೆ ಘಾಟಿಯ ಕಾರಲ್ಲ. ಹದಿನಾಲ್ಕು ತಿರುವು, ಒಂದಕ್ಕಿಂತ ಒಂದು ಇಕ್ಕಟ್ಟು. ಸೋಮೇಶ್ವರದ ಕಡೆಯಿಂದ ಹತ್ತುವಾಗ ಎರಡನೇ ಗೇರಿನಲ್ಲಿ ತಿರುವಿಗೆ ಹೊಕ್ಕರೆ ಮೀಟರ್ 1,500ರ ಕೆಳಗೆ ಬೀಳುತ್ತದೆ. ಅಲ್ಲಿ ಟರ್ಬೊ ನಿದ್ದೆಯಲ್ಲಿರುತ್ತದೆ, ಒಂದು ಲೀಟರಿನ ಬಡ ಎಂಜಿನ್ ಮಾತ್ರ ಉಳಿಯುತ್ತದೆ. ಮುಲಾಜಿಲ್ಲದೆ ಒಂದನೇ ಗೇರಿಗೆ ಹೋಗಬೇಕು. ಮೇಲಿನಿಂದ ಮಿನಿ ಬಸ್ ಬಂತೆಂದು ತಿರುವಿನ ನಡುವೆ ನಿಂತರೆ ಹಿಲ್ ಅಸಿಸ್ಟ್ ಕಾಪಾಡುತ್ತದೆ, ಬ್ರೇಕಿನಿಂದ ಕಾಲು ತೆಗೆದ ಮೇಲೂ ಒಂದೆರಡು ಸೆಕೆಂಡ್ ಕಾರು ಹಿಂದೆ ಜಾರುವುದಿಲ್ಲ. ಇಳಿಯುವಾಗ ಎರಡರಲ್ಲೇ ಇಳಿಸಿದರೂ ಇಷ್ಟು ಸಣ್ಣ ಎಂಜಿನ್ ತಡೆಯುವುದು ಅಷ್ಟಕ್ಕಷ್ಟೆ, ಬ್ರೇಕ್ ಕೆಲಸ ಹೆಚ್ಚು. ನಾಲ್ಕೂ ಚಕ್ರಕ್ಕೆ ಡಿಸ್ಕ್ ಇರುವುದು ಅಲ್ಲಿ ಸಮಾಧಾನ. ಘಾಟಿಯ ಮೇಲೆ ಗಾಡಿ ನಿಲ್ಲಿಸಿ ಸೂರ್ಯಾಸ್ತ ನೋಡುವವರಿಗೆ ಯಾವ ಕಾರಾದರೂ ಒಂದೇ.

ಮೈಲೇಜ್ ನನ್ನ ಕಾಲಿಗೆ ಊರೊಳಗೆ ಹನ್ನೊಂದು, ತೀರ್ಥಹಳ್ಳಿ ದಾರಿಯಲ್ಲಿ ಹದಿನೈದು. ಹೆಂಡತಿ ಓಡಿಸಿದರೆ ಅದೇ ದಾರಿಯಲ್ಲಿ ಹದಿನೇಳು ಬರುತ್ತದೆ, ಅವಳು ಅದನ್ನು ಮೀಟರಿನ ಫೋಟೊ ಸಮೇತ ಸಾಬೀತು ಮಾಡಿದ್ದಾಳೆ. ಟ್ಯಾಂಕು 37 ಲೀಟರ್. ಪೆಟ್ರೋಲ್ ನೂರು ದಾಟಿ ಕೂತಿರುವಾಗ ಫುಲ್ ಟ್ಯಾಂಕ್ ಎಂದು ಹೇಳುವಾಗ ಗಂಟಲು ಸ್ವಲ್ಪ ಕಟ್ಟುತ್ತದೆ. ತಿಂಗಳ ಖರ್ಚು ಹಳೆಯ ಕಾರಿಗಿಂತ ಹೆಚ್ಚಾಗಿದೆ, ಹೊರಗೆ ಊಟಕ್ಕೆ ಹೋಗುವುದು ಅಷ್ಟರಮಟ್ಟಿಗೆ ಕಡಿಮೆಯಾಗಿದೆ.

ಕೊಳ್ಳಬೇಕೆಂದಿರುವವರಿಗೆ: ಮನೆಯಲ್ಲಿ ಇದೊಂದೇ ಕಾರು, ಹಿಂದಿನ ಸೀಟಿನಲ್ಲಿ ದಿನಾ ಹಿರಿಯರು ಕೂರುತ್ತಾರೆ ಎನ್ನುವುದಾದರೆ ಸಾದಾ ಐ20 ನೋಡಿ. ಹೆಚ್ಚಾಗಿ ಒಬ್ಬರೇ ಅಥವಾ ಇಬ್ಬರೇ ಓಡಾಡುವವರು, ಕ್ಲಚ್ಚಿಗೆ ಬೇಸರ ಇಲ್ಲದವರು ಕಣ್ಣುಮುಚ್ಚಿ ತಗೊಳ್ಳಿ. ಟೆಸ್ಟ್ ಡ್ರೈವಿಗೆ ಹೋದಾಗ ಶೋರೂಂ ಮುಂದಿನ ನುಣುಪು ರಸ್ತೆಯಲ್ಲಿ ಒಂದು ಸುತ್ತು ಹಾಕಿ ಬರಬೇಡಿ. ಮನೆಯವರನ್ನು ಹಿಂದೆ ಕೂರಿಸಿಕೊಂಡು, ನಿಮ್ಮೂರಿನ ಅತಿ ಕೆಟ್ಟ ಉಬ್ಬು ಎಲ್ಲಿದೆಯೋ ಅಲ್ಲಿಗೇ ಒಯ್ಯಿರಿ. ಜೊತೆಗೆ ಬರುವ ಸೇಲ್ಸ್ ಹುಡುಗನನ್ನೂ ಹಿಂದಿನ ಸೀಟಿನಲ್ಲೇ ಕೂರಿಸಿ.