ನೆಲಮಾಳಿಗೆಯಿಲ್ಲದ ಪಿಜ್ಜಾ ಮನೆ: ವಾಷಿಂಗ್ಟನ್ನಿನ ಕಾಮೆಟ್ ಪಿಂಗ್ ಪಾಂಗ್

ವಾಷಿಂಗ್ಟನ್ ನಗರದ ವಾಯವ್ಯ ಭಾಗದಲ್ಲಿ, ಕನೆಕ್ಟಿಕಟ್ ಅವೆನ್ಯೂ ಮೇಲಿರುವ ಕಾಮೆಟ್ ಪಿಂಗ್ ಪಾಂಗ್ ಎಂಬ ಪಿಜ್ಜಾ ಹೋಟೆಲಿಗೆ ಅಂತರ್ಜಾಲದಲ್ಲಿ ನಕ್ಷತ್ರ ಕೊಟ್ಟವರು, ಕೊಟ್ಟದ್ದನ್ನು ಕಿತ್ತುಕೊಂಡವರು, ಶಾಪ ಹಾಕಿದವರು ಲೆಕ್ಕವಿಲ್ಲದಷ್ಟು ಜನ. ಅವರಲ್ಲಿ ಅದರ ಹೊಸ್ತಿಲು ದಾಟಿದವರು ಎಷ್ಟು ಮಂದಿ ಎಂಬುದು ಬೇರೆ ಮಾತು. ಆದ್ದರಿಂದ ನನ್ನ ಅರ್ಹತೆಯನ್ನು ಮೊದಲೇ ಹೇಳಿಬಿಡುತ್ತೇನೆ. ಮೇರಿಲ್ಯಾಂಡಿನ ರಾಕ್‌ವಿಲ್‌ನಲ್ಲಿರುವ ನಾನು ಅಲ್ಲಿಗೆ ಮೂರು ಸಲ ಹೋಗಿದ್ದೇನೆ, ಸ್ವಂತ ಹಣ ಕೊಟ್ಟು ತಿಂದಿದ್ದೇನೆ, ಮೂರನೆಯ ಸಲ ಧಾರವಾಡದಿಂದ ಬಂದಿದ್ದ ಮಾವನವರನ್ನೂ ಹತ್ತು ವರ್ಷದ ಮಗಳನ್ನೂ ಕರೆದುಕೊಂಡು ಹೋಗಿದ್ದೇನೆ. ಈ ಬರಹ ಆ ಮೂರನೆಯ ಭೇಟಿಯದು.

ಊಟದ ವಿಚಾರ ಮೊದಲು. 2006ರಲ್ಲಿ ತೆರೆದ ಈ ಹೋಟೆಲಿನಲ್ಲಿ ಪಿಜ್ಜಾ ಬೇಯುವುದು ಕಟ್ಟಿಗೆ ಉರಿಯುವ ಒಲೆಯಲ್ಲಿ. ಹಿಟ್ಟನ್ನು ತೆಳ್ಳಗೆ ಹರಡಿರುತ್ತಾರೆ. ಅಂಚು ಉಬ್ಬಿ, ಅಲ್ಲಲ್ಲಿ ಕಪ್ಪು ಚುಕ್ಕೆ ಬಿದ್ದು, ಹೆಂಚಿನಿಂದ ತೆಗೆದು ಕೆಂಡಕ್ಕೆ ಒರಗಿಸಿದ ಜೋಳದ ರೊಟ್ಟಿಯ ವಾಸನೆಯನ್ನೇ ಹೋಲುವ ಒಂದು ಸುಟ್ಟ ಪರಿಮಳ ಮೇಜಿಗೆ ಬರುವ ಮೊದಲೇ ಮೂಗಿಗೆ ತಾಗುತ್ತದೆ. ಟೊಮೆಟೊ ಮತ್ತು ಮೊಝರೆಲ್ಲಾ ಮಾತ್ರ ಇರುವ ಸಾದಾ ಪಿಜ್ಜಾವನ್ನೇ ನಾನು ಮೂರೂ ಸಲ ತರಿಸಿದ್ದೇನೆ, ಏಕೆಂದರೆ ಪಿಜ್ಜಾ ಮಾಡುವವರ ಕೈ ಹೇಗಿದೆ ಎಂದು ತಿಳಿಯುವುದು ಅದರಲ್ಲಿ. ಟೊಮೆಟೊದ ಹುಳಿಯನ್ನು ಸಕ್ಕರೆ ಹಾಕಿ ಮುಚ್ಚಿಲ್ಲ. ಸಸ್ಯಾಹಾರಿಗಳು ಒಂದು ಎಚ್ಚರ ವಹಿಸಬೇಕು: ಹೊಗೆಯಾಡಿಸಿದ ಚೀಸು ಮತ್ತು ಅಣಬೆಯ ಹೆಸರು ಕೇಳಿ ಆಸೆಪಟ್ಟು ‘ಸ್ಮೋಕಿ’ ಎಂಬುದನ್ನು ಹೇಳಿದರೆ ಅದರ ಜೊತೆಗೆ ಹಂದಿಮಾಂಸವೂ ಬರುತ್ತದೆ. ಕರಾವಳಿಯವರಿಗೆ ಮರುವಾಯಿ ಹಾಕಿದ ‘ಯೇಲಿ’ ಇಷ್ಟವಾದೀತು. ಹಿಂಭಾಗದ ಕೋಣೆಯಲ್ಲಿ ಟೇಬಲ್ ಟೆನಿಸ್ ಮೇಜುಗಳಿವೆ. ಊಟ ಬರುವವರೆಗೆ ಆಡಬಹುದು, ಊಟವಾದ ಮೇಲೂ ಆಡಬಹುದು. ಚೆಂಡಿನ ಸದ್ದು, ಮಕ್ಕಳ ಕೂಗು, ಕೆಲವು ರಾತ್ರಿಗಳಲ್ಲಿ ವಾದ್ಯಮೇಳ ಇವೆಲ್ಲವೂ ಈ ಜಾಗದ ಸ್ವಭಾವವೇ ಆಗಿರುವುದರಿಂದ ಮೌನದಲ್ಲಿ ಊಟ ಮಾಡಬಯಸುವವರಿಗೆ ಇದು ತಕ್ಕ ಸ್ಥಳವಲ್ಲ.

ಇಷ್ಟೇ ಆಗಿದ್ದರೆ ಇದು ವಾಷಿಂಗ್ಟನ್ನಿನ ಹತ್ತಾರು ಒಳ್ಳೆಯ ಬಡಾವಣೆ ಹೋಟೆಲುಗಳಲ್ಲಿ ಒಂದಾಗಿ ಉಳಿಯುತ್ತಿತ್ತು. 2016ರ ಅಕ್ಟೋಬರ್ 7ರಂದು ಗುಪ್ತ ದಾಖಲೆಗಳನ್ನು ಬಯಲಿಗಿಡುವ ವಿಕಿಲೀಕ್ಸ್ ಸಂಸ್ಥೆಯು, ಟ್ರಂಪ್ ಅವರ ಎದುರು ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿಯಾಗಿದ್ದ ಹಿಲರಿ ಕ್ಲಿಂಟನ್ ಅವರ ಚುನಾವಣಾ ಪ್ರಚಾರದ ಅಧ್ಯಕ್ಷ ಜಾನ್ ಪೊಡೆಸ್ಟಾ ಅವರ ಖಾತೆಯಿಂದ ಕದ್ದ ಇಮೇಲ್‌ಗಳನ್ನು ಪ್ರಕಟಿಸತೊಡಗಿತು. ಪೊಡೆಸ್ಟಾ ಅಡುಗೆಯ ಹುಚ್ಚು ಇರುವವರು. ರಿಸೊಟ್ಟೊ ಎಂಬ ಇಟಲಿಯ ಅನ್ನಕ್ಕೆ ನೀರನ್ನು ಒಮ್ಮೆಗೇ ಸುರಿಯದೆ ಸ್ವಲ್ಪಸ್ವಲ್ಪವಾಗಿ ಏಕೆ ಹಾಕಬೇಕು ಎಂಬ ಚರ್ಚೆ ಕೂಡ ಆ ಪತ್ರಗಳಲ್ಲಿತ್ತು. ಬಿಸಿಬೇಳೆ ಬಾತಿನ ಹದದ ಬಗ್ಗೆ ಅಕ್ಕತಂಗಿಯರು ಬರೆದುಕೊಳ್ಳುವಂಥ ಈ ಪತ್ರಗಳಲ್ಲಿ ಪಿಜ್ಜಾ, ಚೀಸು, ಪಾಸ್ತಾ ಎಂಬ ಪದಗಳೆಲ್ಲ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಗುಪ್ತ ಸಂಕೇತಗಳು ಎಂದು ಫೋರ್‌ಚಾನ್, ರೆಡಿಟ್ ತಾಣಗಳಲ್ಲಿ ಕೆಲವರು ‘ಕಂಡುಹಿಡಿದರು’. ಕಾಮೆಟ್ ಮಾಲೀಕರ ಹೆಸರು ಕ್ಲಿಂಟನ್ ಪರವಾದ ನಿಧಿಸಂಗ್ರಹದ ಮಾತುಕತೆಯಲ್ಲಿ ಬಂದಿತ್ತು. ಅಷ್ಟು ಸಾಕಾಯಿತು. ಹೋಟೆಲಿನ ನೆಲಮಾಳಿಗೆಯಲ್ಲಿ ಮಕ್ಕಳನ್ನು ಕೂಡಿಹಾಕಿದ್ದಾರೆ, ಅಕ್ಕಪಕ್ಕದ ಅಂಗಡಿಗಳಿಗೆ ಸುರಂಗಗಳಿವೆ ಎಂದು ಕಥೆ ಬೆಳೆಯಿತು. ಗಿರಾಕಿಗಳೂ ಸ್ನೇಹಿತರೂ ಸಾಮಾಜಿಕ ಜಾಲತಾಣಗಳಲ್ಲಿ ಹಾಕಿದ್ದ ತಮ್ಮ ಮಕ್ಕಳ ಚಿತ್ರಗಳು, ಗೋಡೆಯ ಮೇಲಿನ ವರ್ಣಚಿತ್ರಗಳು, ಅಲ್ಲಿ ಹಾಡಿದ ತಂಡಗಳ ಭಿತ್ತಿಪತ್ರಗಳು ಎಲ್ಲವೂ ಸಾಕ್ಷ್ಯಗಳಾದವು. ಮಾಲೀಕರು ಸಲಿಂಗಿಯಾಗಿದ್ದುದು ಈ ದ್ವೇಷಕ್ಕೆ ಇನ್ನಷ್ಟು ಎಣ್ಣೆ ಎರೆಯಿತು.

ಕಟ್ಟಡಕ್ಕೆ ನೆಲಮಾಳಿಗೆಯೇ ಇಲ್ಲ ಎಂಬುದನ್ನು ಮಾಲೀಕರು ಹೇಳಿದರು, ಪತ್ರಿಕೆಗಳು ಬರೆದವು, ಪೊಲೀಸರು ಇದನ್ನು ಕಟ್ಟುಕಥೆ ಎಂದರು. ರೆಡಿಟ್ ತಾಣವು ನವೆಂಬರ್ ಕೊನೆಯ ಭಾಗದಲ್ಲಿ ಆ ಚರ್ಚೆಯ ವಿಭಾಗವನ್ನೇ ಮುಚ್ಚಿತು. ನಂಬುವವರಿಗೆ ಅದೂ ಒಂದು ಸಾಕ್ಷ್ಯವಾಯಿತು. ಅಲ್ಲಿನ ಸಿಬ್ಬಂದಿಗೆ ಕೊಲೆ ಬೆದರಿಕೆಗಳು ಬಂದವು, ದೂರವಾಣಿ ಬಿಡುವಿಲ್ಲದೆ ಬಡಿದುಕೊಂಡಿತು, ವಿಮರ್ಶೆಯ ತಾಣಗಳಲ್ಲಿ ಒಂದೊಂದು ನಕ್ಷತ್ರದ ಮಳೆ ಸುರಿಯಿತು. ನಾನು ಹತ್ತಾರು ಹೋಟೆಲುಗಳ ಬಗ್ಗೆ ಬರೆದವನಾದ್ದರಿಂದ ಈ ಕೊನೆಯ ಸಂಗತಿ ನನ್ನನ್ನು ವಿಶೇಷವಾಗಿ ಕಾಡುತ್ತದೆ. ಸಾಂಬಾರು ಹಳಸಿತ್ತು, ಮಾಣಿ ಸಿಡುಕಿದ ಎಂದು ಬರೆಯಲು ಇರುವ ಜಾಗದಲ್ಲಿ ಎರಡು ಸಾವಿರ ಮೈಲಿ ದೂರದವರು ತಾವು ತಿನ್ನದ ಊಟಕ್ಕೆ, ಕಾಣದ ಕೋಣೆಗೆ ಅಂಕ ಕೊಟ್ಟಿದ್ದರು.

2016ರ ಡಿಸೆಂಬರ್ 4, ಭಾನುವಾರ ಮಧ್ಯಾಹ್ನ. ಉತ್ತರ ಕೆರೊಲಿನಾದ ಸಾಲಿಸ್ಬರಿಯಿಂದ ಸುಮಾರು 350 ಮೈಲಿ ಕಾರು ಓಡಿಸಿಕೊಂಡು ಬಂದ 28 ವರ್ಷದ ಯುವಕನೊಬ್ಬ ಎಆರ್-15 ರೈಫಲ್ ಹಿಡಿದು ಒಳಗೆ ನಡೆದ. ಮಕ್ಕಳೊಂದಿಗೆ ಊಟಕ್ಕೆ ಕುಳಿತಿದ್ದ ಕುಟುಂಬಗಳು ಹೊರಗೆ ಓಡಿದವು. ಅವನು ಬೀಗ ಹಾಕಿದ್ದ ಬಾಗಿಲೊಂದಕ್ಕೆ ಗುಂಡು ಹಾರಿಸಿದ. ಅದರ ಹಿಂದೆ ಇದ್ದದ್ದು ಸಾಮಾನು ಇಡುವ ಪುಟ್ಟ ಕೋಣೆ. ಹಿತ್ತಲ ಕಡೆಯ ಶೀತಲ ಪೆಟ್ಟಿಗೆಯಿಂದ ಪಿಜ್ಜಾ ಹಿಟ್ಟು ತರಲು ಹೋಗಿದ್ದ ನೌಕರನೊಬ್ಬ ಏನೂ ತಿಳಿಯದೆ ಒಳಗೆ ಬಂದಾಗ ಬಂದೂಕು ಅವನತ್ತ ತಿರುಗಿತು, ಅವನೂ ಓಡಿ ಜೀವ ಉಳಿಸಿಕೊಂಡ. ಇಡೀ ಘಟನೆಯಲ್ಲಿ ನನ್ನ ಮನಸ್ಸಿನಲ್ಲಿ ನಿಂತಿರುವುದು ಅದೇ ಚಿತ್ರ: ಎದುರಿಗೆ ರೈಫಲ್, ಇವನು ಬಂದದ್ದು ನಾದಿದ ಹಿಟ್ಟಿಗಾಗಿ. ಬಂದವನಿಗೆ ನೆಲಮಾಳಿಗೆ ಸಿಗಲಿಲ್ಲ, ಮಕ್ಕಳು ಸಿಗಲಿಲ್ಲ. ಆಯುಧ ಕೆಳಗಿಟ್ಟು ಹೊರಬಂದು ಪೊಲೀಸರಿಗೆ ಶರಣಾದ. ಯಾರಿಗೂ ಗಾಯವಾಗಲಿಲ್ಲ. ತನಗೆ ಸಿಕ್ಕ ಮಾಹಿತಿ ನೂರಕ್ಕೆ ನೂರು ಸರಿಯಿರಲಿಲ್ಲ ಎಂದು ಆಮೇಲೆ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಗೆ ಹೇಳಿದ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ಈ ಯುವಕ ತಿರುವುಮುರುವಾಗಿ ಪಾಲಿಸಿದ. ಹಾಗಿದ್ದರೂ ನನ್ನ ಅಭಿಪ್ರಾಯದಲ್ಲಿ ಅವನನ್ನು ಕಳುಹಿಸಿದ ಮಾತುಗಾರರಿಗಿಂತ ಅವನೇ ಒಂದು ತೂಕ ಹೆಚ್ಚು ಪ್ರಾಮಾಣಿಕ: ಅವನು ಹೋಗಿ ನೋಡಿದ, ಇಲ್ಲ ಎಂದು ಕಂಡಾಗ ಇಲ್ಲ ಎಂದು ಒಪ್ಪಿದ, ಶಿಕ್ಷೆಯನ್ನೂ ಅನುಭವಿಸಿದ. ಇದೇ ಕಥೆಯನ್ನು ತನ್ನ ಕಾರ್ಯಕ್ರಮದಲ್ಲಿ ಮಾರಿಕೊಂಡಿದ್ದ, ಪಿತೂರಿ ಕಥೆಗಳಿಗೇ ಹೆಸರಾದ ಪ್ರಸಾರಕ ಅಲೆಕ್ಸ್ ಜೋನ್ಸ್ ಕ್ಷಮೆ ಕೇಳಿದ್ದು 2017ರ ಮಾರ್ಚ್‌ನಲ್ಲಿ, ಅದೂ ಮಾಲೀಕರ ವಕೀಲರ ಪತ್ರ ತಲುಪಿದ ಮೇಲೆ. ಟ್ರಂಪ್ ಅವರ ಅಧಿಕಾರ ಹಸ್ತಾಂತರ ತಂಡದಲ್ಲಿದ್ದ ಮೈಕೆಲ್ ಫ್ಲಿನ್ ಅವರ ಮಗನಂತೂ ಗುಂಡು ಹಾರಿದ ದಿನವೇ, ಸುಳ್ಳೆಂದು ಸಾಬೀತಾಗುವವರೆಗೂ ಇದು ಸುದ್ದಿಯಾಗಿಯೇ ಇರುತ್ತದೆ ಎಂಬರ್ಥದಲ್ಲಿ ಟ್ವೀಟ್ ಮಾಡಿ ತಂಡದಿಂದ ಹೊರಬಿದ್ದರು. ಗುಂಡು ಹಾರಿದ ಅದೇ ಡಿಸೆಂಬರಿನಲ್ಲಿ ಪಬ್ಲಿಕ್ ಪಾಲಿಸಿ ಪೋಲಿಂಗ್ ಸಂಸ್ಥೆ ನಡೆಸಿದ ಸಮೀಕ್ಷೆಯಲ್ಲಿ ಟ್ರಂಪ್ ಬೆಂಬಲಿಗರ ಪೈಕಿ ಶೇ. 14ರಷ್ಟು ಜನ ಈ ಕಥೆಯನ್ನು ನಂಬಿದ್ದರು, ಶೇ. 32ರಷ್ಟು ಜನ ಹೌದೋ ಅಲ್ಲವೋ ಹೇಳಲಾರೆವು ಎಂದಿದ್ದರು. ನನಗೆ ಹೆಚ್ಚು ಭಯ ಹುಟ್ಟಿಸುವುದು ಈ ಎರಡನೆಯ ಅಂಕಿ. ವಾಷಿಂಗ್ಟನ್ ನಗರವು ಆ ಚುನಾವಣೆಯಲ್ಲಿ ಶೇ. 90ಕ್ಕೂ ಹೆಚ್ಚು ಮತವನ್ನು ಕ್ಲಿಂಟನ್ ಅವರಿಗೆ ಕೊಟ್ಟಿತ್ತು; ಸಾಲಿಸ್ಬರಿ ಇರುವ ರೋವನ್ ಕೌಂಟಿಯ ಮೂರರಲ್ಲಿ ಎರಡು ಪಾಲು ಮತ ಟ್ರಂಪ್ ಅವರಿಗೆ ಬಿದ್ದಿತ್ತು. ಒಂದು ದಿನದ ಕಾರು ಪ್ರಯಾಣದಷ್ಟು ದೂರದಲ್ಲಿರುವ ಈ ಎರಡು ಊರುಗಳು ಒಂದನ್ನೊಂದು ಕಂಡದ್ದು ಫೋನಿನ ಪರದೆಯ ಮೂಲಕ ಮಾತ್ರ.

2017ರ ಜೂನ್ 22ರಂದು ನ್ಯಾಯಾಧೀಶೆ ಕೆಟಾಂಜಿ ಬ್ರೌನ್ ಜಾಕ್ಸನ್ ಆ ಯುವಕನಿಗೆ ನಾಲ್ಕು ವರ್ಷ ಜೈಲು ವಿಧಿಸಿ, ಆದ ಹಾನಿಗೆ 5,744 ಡಾಲರ್ ಪರಿಹಾರ ಕೊಡುವಂತೆ ಆದೇಶಿಸಿದರು. ಐದು ವರ್ಷಗಳ ನಂತರ ಸುಪ್ರೀಂ ಕೋರ್ಟಿನ ಮೊದಲ ಕಪ್ಪು ಮಹಿಳಾ ನ್ಯಾಯಮೂರ್ತಿಯಾದವರು ಇವರೇ. ಆ ತೀರ್ಪಿಗೆ ಎಂಟು ದಿನ ಮೊದಲು ಪೊಟೊಮ್ಯಾಕ್ ನದಿಯ ಆಚೆ ಅಲೆಕ್ಸಾಂಡ್ರಿಯಾದಲ್ಲಿ, ಎಡಪಂಥೀಯ ನಾಯಕ ಬರ್ನಿ ಸ್ಯಾಂಡರ್ಸ್ ಅವರ ಪ್ರಚಾರದಲ್ಲಿ ದುಡಿದಿದ್ದ ಒಬ್ಬ, ಬೇಸ್‌ಬಾಲ್ ಅಭ್ಯಾಸದಲ್ಲಿದ್ದ ರಿಪಬ್ಲಿಕನ್ ಸಂಸದರ ಮೇಲೆ ಗುಂಡು ಹಾರಿಸಿ ಅವರಲ್ಲೊಬ್ಬರಾದ ಸ್ಟೀವ್ ಸ್ಕಲೀಸ್ ಅವರನ್ನು ಸಾವಿನ ಅಂಚಿಗೆ ತಳ್ಳಿದ್ದ. ಈ ರೋಗ ಒಂದೇ ಪಕ್ಷದ ಆಸ್ತಿ ಎಂದು ನನ್ನ ಕೆಲವು ಗೆಳೆಯರು ವಾದಿಸುವಾಗ ನಾನು ಈ ಎರಡು ದಿನಾಂಕಗಳನ್ನು ಜೋಡಿಸಿ ಹೇಳುತ್ತೇನೆ. ಪಿಜ್ಜಾದ ಕಥೆಯೂ ಅಲ್ಲಿಗೆ ಮುಗಿಯಲಿಲ್ಲ. 2017ರ ಅಕ್ಟೋಬರಿನಲ್ಲಿ ಹುಟ್ಟಿದ, ಮಕ್ಕಳನ್ನು ಹಿಂಸಿಸುವ ಗುಪ್ತ ಕೂಟವೊಂದರ ವಿರುದ್ಧ ಟ್ರಂಪ್ ಹೋರಾಡುತ್ತಿದ್ದಾರೆ ಎನ್ನುವ ಕ್ಯೂಅನಾನ್ ಎಂಬ ಮಹಾಕಥೆ ಇದನ್ನು ಹೊಟ್ಟೆಯೊಳಗೆ ಇಟ್ಟುಕೊಂಡೇ ಬೆಳೆಯಿತು. 2019ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದಿಂದ ಬಂದವನೊಬ್ಬ ಕಾಮೆಟ್‌ನ ಹಿಂದಿನ ಕೋಣೆಯಲ್ಲಿ ಬೆಂಕಿ ಹಚ್ಚಿದ, ಸಿಬ್ಬಂದಿ ಆರಿಸಿದರು. 2021ರ ಜನವರಿ 6ರಂದು ಇಲ್ಲಿಂದ ಆರೇಳು ಮೈಲಿ ದೂರದ ಸಂಸತ್ ಭವನಕ್ಕೆ ನುಗ್ಗಿದವರ ನಡುವೆ ಕ್ಯೂ ಅಕ್ಷರದ ಬಾವುಟಗಳಿದ್ದವು. 2025ರ ಜೂನ್‌ನಲ್ಲಿ ಮಿನ್ನೆಸೋಟದ ಡೆಮಾಕ್ರಟಿಕ್ ಶಾಸಕಿ ಮೆಲಿಸ್ಸಾ ಹೋರ್ಟ್‌ಮನ್ ಮತ್ತು ಅವರ ಪತಿಯನ್ನು ಮನೆಯಲ್ಲೇ ಕೊಂದಾಗ, ಸೆಪ್ಟೆಂಬರ್‌ನಲ್ಲಿ ಯೂಟಾದ ಕಾಲೇಜು ಆವರಣದಲ್ಲಿ ಬಲಪಂಥೀಯ ಕಾರ್ಯಕರ್ತ ಚಾರ್ಲಿ ಕರ್ಕ್ ಅವರನ್ನು ಗುಂಡಿಟ್ಟು ಕೊಂದಾಗ, ಹತ್ಯೆಯ ಬೆನ್ನಲ್ಲೇ ಸುಳ್ಳು ಕಥೆಗಳು ಹೊರಟವು. ಕಾಮೆಟ್‌ಗೆ ಬಂದೂಕು ತಂದಿದ್ದವನು 2025ರ ಜನವರಿಯಲ್ಲಿ ಉತ್ತರ ಕೆರೊಲಿನಾದಲ್ಲಿ, ಕಾರು ತಪಾಸಣೆಯ ವೇಳೆ ಪೊಲೀಸರ ಗುಂಡಿಗೆ ಸಿಕ್ಕಿ ಸತ್ತ.

ಇದನ್ನೆಲ್ಲ ನಾನು ಪಿಜ್ಜಾ ಬರುವುದರೊಳಗೆ ಮಾವನವರಿಗೆ ಹೇಳಿದೆ. ಮೇರಿಲ್ಯಾಂಡಿನ ನಮ್ಮ ಮನೆಗಳಲ್ಲಿ ಬೇಸ್‌ಮೆಂಟ್ ಎಂದರೆ ಸತ್ಯನಾರಾಯಣ ಪೂಜೆಯ ದಿನ ಜನ ಹೆಚ್ಚಾದಾಗ ಎಲೆ ಹಾಕುವ ಜಾಗ, ಕ್ಯಾರಂ ಬೋರ್ಡಿನ ಜಾಗ. ಅವರಿಗೆ ಅದರ ಪರಿಚಯ ಹೊಸದು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಗೇವು ಇಲ್ಲದ ಮನಿಯೊಳಗ ಜೋಳ ಹುಡುಕಾಕ ಬಂದಿದ್ದನೇನು ಆತ?” ಎಂದು ಕೇಳಿದರು. ಹಗೇವು ಎಂದರೆ ಧಾನ್ಯ ತುಂಬಿಡುವ ನೆಲದೊಳಗಿನ ಕಣಜ. ಆಮೇಲೆ ಅವರೇ ಬೀದರಿನ ಮಾತು ಎತ್ತಿದರು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಹೈದರಾಬಾದಿನ ತಂಡವೊಂದನ್ನು ವಾಟ್ಸ್‌ಆ್ಯಪ್ ವದಂತಿಗೆ ಮರುಳಾದ ಗುಂಪು ಮಕ್ಕಳ ಕಳ್ಳರೆಂದು ಹೊಡೆದು, ಒಬ್ಬ ಎಂಜಿನಿಯರನ ಪ್ರಾಣ ತೆಗೆದಿತ್ತು. ಮಗುವಿಗೆ ಅಪಾಯ ಎಂಬ ಒಂದು ಮಾತು ಕಿವಿಗೆ ಬಿದ್ದರೆ ವಿಚಾರಿಸುವುದೇ ಕ್ರೌರ್ಯ ಎನ್ನಿಸಿಬಿಡುತ್ತದೆ. ಅಮೆರಿಕದಲ್ಲಿ ಈಗ ಗ್ರಂಥಾಲಯ, ಶಾಲಾ ಮಂಡಳಿಗಳವರೆಗೂ ಹಬ್ಬಿರುವ ಜಗಳಗಳು ಬಹಳಷ್ಟು ಸಲ ನಡೆಯುವುದು ಇದೇ ಮಾತಿನ ಮೇಲೆ. ಅಮೆರಿಕನ್ ಲೈಬ್ರರಿ ಅಸೋಸಿಯೇಷನ್ ಲೆಕ್ಕದಂತೆ 2023ರಲ್ಲಿ ಗ್ರಂಥಾಲಯಗಳಿಂದ ತೆಗೆಯಬೇಕೆಂದು ಆಕ್ಷೇಪಕ್ಕೆ ಗುರಿಯಾದ ಪುಸ್ತಕಗಳು 4,240.

ಸೇವೆಯ ಬಗ್ಗೆ ಬರೆಯದಿದ್ದರೆ ವಿಮರ್ಶೆ ಅಪೂರ್ಣ. ನಮ್ಮ ಮೇಜಿನ ಹುಡುಗಿ ಮಾವನವರ ವಯಸ್ಸು ನೋಡಿ ಗದ್ದಲದಿಂದ ದೂರದ ಜಾಗ ಕೊಟ್ಟಳು, ಮಾಂಸ ಬೇಡವೆಂದದ್ದನ್ನು ಎರಡು ಸಲ ಕೇಳಿ ಖಚಿತಪಡಿಸಿಕೊಂಡಳು. ಹಳೆಯ ಘಟನೆಯನ್ನು ನೆನಪಿಸುವ ಮಾತನ್ನು ಅವಳೂ ಆಡಲಿಲ್ಲ, ನಾವೂ ಕೇಳಲಿಲ್ಲ; ಪಿಜ್ಜಾ ತಿನ್ನಲು ಹೋದವರು ಅಲ್ಲಿ ದುಡಿಯುವವರನ್ನು ಸಾಕ್ಷಿಕಟ್ಟೆಗೆ ಹತ್ತಿಸುವುದು ಸಭ್ಯತೆಯಲ್ಲ ಎಂದು ಹೋಗಬಯಸುವವರಿಗೂ ಹೇಳುತ್ತೇನೆ. ಗುಂಡು ಹಾರಿದ ಎರಡೇ ದಿನಕ್ಕೆ, ಮಂಗಳವಾರ, ಹೋಟೆಲು ಮತ್ತೆ ತೆರೆದಾಗ ಬಡಾವಣೆಯವರು ಹೂವು ತಂದು, ಸಾಲುಗಟ್ಟಿ ನಿಂತು ಊಟ ಮಾಡಿದ್ದರು. ಅವರು ತೋರಿದ ಸಹಾನುಭೂತಿಯ ರೀತಿ ಅದು, ಬಿಲ್ ಕಟ್ಟಿ ಹೋಗುವುದು.

ಮಕ್ಕಳನ್ನು ಕರೆದೊಯ್ಯಬಹುದೇ ಎಂದು ಕೇಳುವವರಿಗೆ ಉತ್ತರ: ಧಾರಾಳವಾಗಿ. ರೆಡ್ ಲೈನ್ ಮೆಟ್ರೋದ ವ್ಯಾನ್ ನೆಸ್ ನಿಲ್ದಾಣದಿಂದ ಉತ್ತರಕ್ಕೆ ಸುಮಾರು ಒಂದು ಮೈಲಿ ನಡೆಯಬೇಕು. ಊಟದ ನಂತರ ಅದೇ ಸಾಲಿನಲ್ಲಿರುವ ಪಾಲಿಟಿಕ್ಸ್ ಅಂಡ್ ಪ್ರೋಸ್ ಪುಸ್ತಕದಂಗಡಿಗೆ ತಪ್ಪದೆ ಹೋಗಿ. 1984ರಿಂದ ನಡೆಯುತ್ತಿರುವ ಈ ಅಂಗಡಿಗೂ ಸುರಂಗದ ಕಥೆಯ ಕಾಲದಲ್ಲಿ ಬೆದರಿಕೆಗಳು ಬಂದಿದ್ದವು. ಐದರಲ್ಲಿ ನಾನು ಕೊಡುವುದು ನಾಲ್ಕು ನಕ್ಷತ್ರ, ಪಿಜ್ಜಾಕ್ಕೂ ಆಟದ ಮೇಜಿಗೂ ಸೇರಿಸಿ. ಅನುಕಂಪಕ್ಕೆಂದು ಅರ್ಧ ನಕ್ಷತ್ರವನ್ನೂ ಸೇರಿಸಿಲ್ಲ.

ಮಾವನವರು ಕರ್ನಾಟಕ ಕಾಲೇಜಿನಲ್ಲಿ ಓದುವಾಗ ಟೇಬಲ್ ಟೆನಿಸ್ ಆಡುತ್ತಿದ್ದರಂತೆ. ಮೊಮ್ಮಗಳು ಅವರನ್ನು 21–17ರಿಂದ ಸೋಲಿಸಿದಳು. ಈಗ ಆಟ 11 ಅಂಕಕ್ಕೇ ಮುಗಿಯುತ್ತದೆ ಎಂದು ಅವಳು ಎಷ್ಟು ಹೇಳಿದರೂ ಅವರು ತಮ್ಮ ಕಾಲದ ನಿಯಮವನ್ನು ಬಿಟ್ಟುಕೊಟ್ಟಿರಲಿಲ್ಲ. ಉಳಿದ ಎರಡು ತುಂಡು ಪಿಜ್ಜಾವನ್ನು ಡಬ್ಬಿಗೆ ಹಾಕಿಸಿಕೊಂಡು ಬಂದೆವು. ಮರುದಿನ ಬೆಳಿಗ್ಗೆ ಅವರು ಅದನ್ನು ಹೆಂಚಿನ ಮೇಲೆ ಬಿಸಿ ಮಾಡಿ, ಊರಿನಿಂದ ತಂದಿದ್ದ ಶೇಂಗಾ ಚಟ್ನಿಪುಡಿ ಉದುರಿಸಿಕೊಂಡು ತಿಂದರು.